ಹೆಸರಿಲ್ಲದ ಕಂಚು, ತೂತುಳ್ಳ ಚಿನ್ನ: ಬೈಜಾಂಟಿಯನ್ ನಾಣ್ಯಗಳ ಜಾನಪದೀಯ ವಿವೇಚನೆ

ನಾಣ್ಯವನ್ನು ಅರಸನ ಹೆಸರು, ಲೋಹ, ತೂಕಗಳಿಂದ ಗುರುತಿಸುವುದು ನಾಣ್ಯಶಾಸ್ತ್ರದ ರೂಢಿ. ರಾಜವಂಶಗಳ ಕಾಲಾನುಕ್ರಮವನ್ನು ನಿರ್ಧರಿಸಲು ಈ ವಿಧಾನ ಉಪಯುಕ್ತವಾದುದು. ಆದರೆ ಟಂಕಸಾಲೆಯಿಂದ ಹೊರಬಂದ ನಾಣ್ಯವು ಜನರ ಕೈಯಲ್ಲಿ ಪಡೆದ ಬಾಳುವೆ ಇದರಿಂದ ತಿಳಿಯುವುದಿಲ್ಲ. ಮಧ್ಯಯುಗದ ಬೈಜಾಂಟಿಯನ್ ಕಂಚಿನ ನಾಣ್ಯಗಳು ಈ ಮಿತಿಯನ್ನು ಸ್ಪಷ್ಟಪಡಿಸುತ್ತವೆ.

ಕ್ರಿ.ಶ. 498ರಲ್ಲಿ ಒಂದನೆಯ ಅನಸ್ಟಾಸಿಯಸ್ ಚಕ್ರವರ್ತಿಯು 40 ನುಮ್ಮಿ ಬೆಲೆಯ 'ಫಾಲಿಸ್' ನಾಣ್ಯವನ್ನು ಜಾರಿಗೆ ತಂದನು. ಸುಮಾರು 970ರಲ್ಲಿ, ಜಾನ್ ಜಿಮಿಸ್ಕೆಸನ ಆಳ್ವಿಕೆಯಲ್ಲಿ, ಈ ಬಗೆಯ ನಾಣ್ಯದಿಂದ ಚಕ್ರವರ್ತಿಯ ಚಿತ್ರ ಹಾಗೂ ಹೆಸರುಗಳೆರಡೂ ಮರೆಯಾದವು. ಅವುಗಳ ಸ್ಥಾನದಲ್ಲಿ ಕ್ರಿಸ್ತನ ಮುಖವೂ, ಆತನನ್ನು ರಾಜಾಧಿರಾಜನೆಂದು ಸಾರುವ ಗ್ರೀಕ್ ಬರಹವೂ ಕಾಣಿಸಿಕೊಂಡವು. 1092ರಲ್ಲಿ ಒಂದನೆಯ ಅಲೆಕ್ಸಿಯಸನು ನಾಣ್ಯ ಸುಧಾರಣೆ ಮಾಡುವವರೆಗೂ ಇಂತಹ ಅನಾಮಿಕ ಫಾಲಿಸ್‌ಗಳು ಚಲಾವಣೆಗೆ ಬರುತ್ತಿದ್ದವು. ಇವುಗಳನ್ನು ವರ್ಗಗಳಾಗಿ ವಿಂಗಡಿಸಿ, ಯಾವ ವರ್ಗ ಯಾವ ಅರಸನದೆಂದು ಹಂಚುವುದರಲ್ಲಿಯೇ ವಿದ್ವಾಂಸರ ಶ್ರಮ ಹೆಚ್ಚಾಗಿ ವ್ಯಯವಾಗಿದೆ. ಕೊರಳಿಗೆ ಕಟ್ಟಿಕೊಳ್ಳಲೆಂದು ತೂತು ಕೊರೆದ ಪ್ರತಿಗಳೂ ದೊರೆತಿವೆ. ಸಂಗ್ರಾಹಕರಿಗೆ ಆ ತೂತು ಒಂದು ಊನ. ಜಾನಪದ ಅಧ್ಯಯನಕ್ಕೆ ಅದು ನಾಣ್ಯವು ರಕ್ಷೆಯಾಗಿ ಮಾರ್ಪಟ್ಟುದರ ಸಾಕ್ಷ್ಯ.

ಇದೇ ಅವಧಿಯಲ್ಲಿ ಕಲ್ಯಾಣ ಚಾಲುಕ್ಯರು ಆಳುತ್ತಿದ್ದ ನಾಡಿನಲ್ಲಿ, ಕಳಸಾಪುರವನ್ನೊಳಗೊಂಡ ಗದಗ ಸೀಮೆಯ ಲಕ್ಕುಂಡಿಯು ಟಂಕಸಾಲೆಗೆ ಹೆಸರಾಗಿತ್ತು. ಶಾಸನಗಳಲ್ಲಿ ಬರುವ 'ಲೊಕ್ಕಿಗದ್ಯಾಣ'ವನ್ನು ಜನರು ಗುರುತಿಸಿದ್ದು ಅರಸನ ಹೆಸರಿನಿಂದಲ್ಲ, ಊರಿನ ಹೆಸರಿನಿಂದ. ಅಲ್ಲಿನದು ಕಂಚು, ಇಲ್ಲಿನದು ಹೊನ್ನು. ಇವುಗಳ ನಡುವೆ ಪ್ರಭಾವದ ಸಂಬಂಧವನ್ನು ಕಲ್ಪಿಸಬೇಕಾಗಿಲ್ಲ. ಆದರೂ ನಾಣ್ಯದ ಮೇಲಿನ ನಂಬಿಕೆಗೆ ಅರಸನ ಹೆಸರೇ ಏಕೈಕ ಆಧಾರವಲ್ಲ ಎಂಬುದನ್ನು ಎರಡೂ ತೋರಿಸುತ್ತವೆ.

ಬೈಜಾಂಟಿಯಂ ಕರ್ನಾಟಕಕ್ಕೆ ಪರಿಚಿತವಾದುದು ಮುಖ್ಯವಾಗಿ ಚಿನ್ನದ ಮೂಲಕ. ಹಾನಗಲ್ಲ ತಾಲೂಕಿನ ಅಕ್ಕಿಆಲೂರಿನಲ್ಲಿ ಬೈಜಾಂಟಿಯನ್ ಚಿನ್ನದ ನಾಣ್ಯಗಳ ನಿಧಿ ದೊರೆತಿದೆ. ದಕ್ಷಿಣ ಭಾರತದಲ್ಲಿ ಸಿಕ್ಕ ಇಂತಹ ಹಲವು ನಾಣ್ಯಗಳಲ್ಲಿ ಚಕ್ರವರ್ತಿಯ ತಲೆಯ ಮೇಲ್ಭಾಗಕ್ಕೆ ಜೋಡಿ ತೂತುಗಳಿವೆ. ಮುಖ ನೆಟ್ಟಗೆ ನಿಲ್ಲುವಂತೆ ಪೋಣಿಸುವ ಎಚ್ಚರ ಅದರಲ್ಲಿದೆ. ಮುಂದಿನ ಶತಮಾನಗಳಲ್ಲಿ ಬಂದ ವೆನಿಸ್ಸಿನ ಡುಕಾಟನ್ನು ಅದರ ಮೇಲಿನ ಆಕೃತಿಗಳಿಂದಾಗಿ ಜನ 'ಪುತಳಿ' ಎಂದು ಕರೆದರು. ಉತ್ತರ ಕರ್ನಾಟಕದ ಪುತಳಿಸರ ಈ ಪರಂಪರೆಯ ಮುಂದುವರಿಕೆ. ಪರದೇಶದ ಅರಸ, ಸಂತರು ಇಲ್ಲಿ ಗೊಂಬೆಗಳಾಗಿ ಹೆಣ್ಣುಮಕ್ಕಳ ಕೊರಳೇರಿದರು.

ಆದ್ದರಿಂದ ನಾಣ್ಯಸೂಚಿಗಳಲ್ಲಿ ತೂತು, ಸವೆತ, ಸ್ಥಳೀಯ ಹೆಸರು, ಆಚರಣೆಯಲ್ಲಿನ ಬಳಕೆಗಳಿಗೂ ಸ್ಥಾನ ದೊರೆಯಬೇಕು. ಈ ಕೆಲಸ ವಸ್ತುಸಂಗ್ರಹಾಲಯಗಳಿಗಷ್ಟೇ ಸೀಮಿತವಾಗದೆ ಕಳಸಾಪುರದಂತಹ ಊರುಗಳ ಮನೆಗಳಿಗೂ ಪತ್ತಾರರ ಅಂಗಡಿಗಳಿಗೂ ವಿಸ್ತರಿಸಬೇಕು. ಹಳೆಯ ಸರವೊಂದು ಮೂಸೆಯಲ್ಲಿ ಕರಗಿದರೆ ಚಿನ್ನದ ತೂಕ ಉಳಿಯುತ್ತದೆ. ಅದನ್ನು ತೊಟ್ಟವರ ಚರಿತ್ರೆ ಉಳಿಯುವುದಿಲ್ಲ.