ಹಾಲ್‌ಗೆ ಹನ್ನೆರಡು, ಅಡುಗೆಮನೆಗೆ ಒಂದು

ಬೆಳ್ಳೂರು ಕ್ರಾಸ್, ಬಿ.ಜಿ. ನಗರ, ಆದಿಚುಂಚನಗಿರಿ ಬೆಟ್ಟದ ಸುತ್ತಲಿನ ಹಳ್ಳಿಗಳು, ಆಚೆಗೆ ನಾಗಮಂಗಲ. ಈ ಭಾಗದಲ್ಲಿ ಈಚೆಗೆ ಯಾರದೇ ಹೊಸ ಮನೆಯ ಗೃಹಪ್ರವೇಶಕ್ಕೆ ಹೋದರೂ ಹೆಚ್ಚುಕಡಿಮೆ ಒಂದೇ ನೋಟ ಕಾಣುತ್ತದೆ. ಹಾಲ್‌ನ ಪಿಒಪಿ ಸೀಲಿಂಗಿಗೆ ಸುತ್ತಲೂ ಹತ್ತು ಹನ್ನೆರಡು ಡೌನ್‌ಲೈಟು, ಅಂಚಿನಲ್ಲಿ ಬಣ್ಣದ ಸ್ಟ್ರಿಪ್ ಲೈಟು, ಟಿವಿ ಇಡುವ ಗೋಡೆಗೆ ಕಡುಕಂದು ಪ್ಯಾನೆಲ್. ಅಡುಗೆಮನೆಗೆ ಕಾಲಿಟ್ಟರೆ ಬಾಗಿಲ ಮೇಲುಗಡೆ ಒಂದೇ ಒಂದು ಬಲ್ಬು. ಇಷ್ಟೊಂದು ದೀಪ ಯಾಕೆ ಎಂದು ಕೇಳಿದರೆ ‘ಎಲ್ಲಾ ಎಲ್‌ಇಡಿನೇ, ಕರೆಂಟು ಏನೂ ಎಳೆಯಲ್ಲ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆ ಉತ್ತರದಲ್ಲಿ ಸುಳ್ಳಿಲ್ಲ. ಆದರೆ ಮನೆಯ ಬೆಳಕನ್ನು ಕರೆಂಟಿನ ಲೆಕ್ಕ ಒಂದರಿಂದಲೇ ಅಳೆಯುವ ಅಭ್ಯಾಸ ನಮಗೆ ಎಲ್ಲಿಂದ ಬಂತು, ಅದು ಏನನ್ನು ಮರೆಸಿತು ಎಂಬುದನ್ನು ನೋಡಬೇಕಾಗಿದೆ.

ಮೊದಲು ಆ ಅಡುಗೆಮನೆಯನ್ನೇ ನೋಡೋಣ. ಬಲ್ಬು ಇರುವುದು ಅಡುಗೆ ಮಾಡುವವರ ಬೆನ್ನ ಹಿಂದೆ. ಕಲ್ಲಿನ ಕಟ್ಟೆಗೆ ಮುಖಮಾಡಿ ನಿಂತ ಹೆಂಗಸಿನ ನೆರಳು ಅವಳ ಕೈಗಳ ಮೇಲೇ ಬೀಳುತ್ತದೆ. ಸೊಪ್ಪು ಬಿಡಿಸುವಾಗ ಹುಳು ಕಾಣಬೇಕು, ಅವರೆಕಾಳಿನ ನಡುವೆ ಹುಳುಕು ಕಾಣಬೇಕು, ಮುದ್ದೆಗೆ ಹಿಟ್ಟು ಬಿಟ್ಟಾಗ ಗಂಟು ಕಾಣಬೇಕು. ಇಷ್ಟೆಲ್ಲ ಕೆಲಸ ಅರೆಗತ್ತಲಲ್ಲೇ ನಡೆಯುತ್ತದೆ. ಕಟ್ಟೆಯ ನೇರಕ್ಕೆ, ಸಜ್ಜೆಯ ಅಡಿಯಲ್ಲಿ ಐದು ವಾಟಿನ ಒಂದು ಪುಟ್ಟ ಬ್ಯಾಟನ್ ದೀಪ ಕೂರಿಸಿದ್ದರೆ ಈ ತೊಂದರೆ ಅಲ್ಲಿಗೇ ಮುಗಿಯುತ್ತಿತ್ತು. ದಿನಕ್ಕೆ ನಾಲ್ಕೈದು ಗಂಟೆ ಕೆಲಸ ನಡೆಯುವ ಜಾಗಕ್ಕೆ ಒಂದು ದೀಪ, ನೆಂಟರು ಬಂದಾಗ ಮಾತ್ರ ಪೂರ್ತಿ ಉರಿಯುವ ಕಡೆ ಹನ್ನೆರಡು. ಗೋಡೆ ಕೊರೆದು ಪೈಪು ಹಾಕುವ ಮುಂಚೆ ವೈರಿಂಗ್‌ನವರು ಸೀಮೆಸುಣ್ಣದಲ್ಲಿ ಪಾಯಿಂಟ್ ಗುರುತು ಮಾಡುತ್ತಾರಲ್ಲ, ಆ ಹೊತ್ತಿನಲ್ಲಿ ಅಡುಗೆ ಮಾಡುವವರನ್ನು ಯಾರೂ ಕರೆದು ಕೇಳುವುದಿಲ್ಲ. ನನ್ನ ಮೊದಲ ತಕರಾರು ಇದೇ.

ಎಲ್‌ಇಡಿ ನಮ್ಮ ಹಳ್ಳಿಗಳಿಗೆ ಬಂದ ಬಗೆಯನ್ನು ಮಾತ್ರ ಮನಸಾರೆ ಮೆಚ್ಚಬೇಕು. ಅಗ್ಗದ ದರದಲ್ಲಿ ಎಲ್‌ಇಡಿ ಬಲ್ಬು ಹಂಚುವ ಕೇಂದ್ರದ ಉಜಾಲಾ ಯೋಜನೆ 2015ರ ಜನವರಿಯಲ್ಲಿ ಶುರುವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕರ್ನಾಟಕ ಸರ್ಕಾರ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಒಂಬತ್ತು ವಾಟಿನ ಬಲ್ಬನ್ನು ನೂರು ರೂಪಾಯಿಗೆ ಹಂಚಲು ಹೊರಟಿತು. ಆಗ ಅಂಗಡಿಯಲ್ಲಿ ಅಂಥದೇ ಬಲ್ಬಿಗೆ ಮುನ್ನೂರರ ಆಸುಪಾಸು ಬೆಲೆ. ಸರ್ಕಾರವೇ ಸಗಟಾಗಿ ಕೊಳ್ಳತೊಡಗಿದ್ದರಿಂದ 2014ರಲ್ಲಿ 310 ರೂಪಾಯಿ ಇದ್ದ ಖರೀದಿ ದರ 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. ದೇಶದಲ್ಲಿ 36 ಕೋಟಿಗೂ ಮೀರಿ ಬಲ್ಬುಗಳು ಹೀಗೆ ಮನೆ ಸೇರಿವೆ. ಬೆಲೆಯ ಜೊತೆಗೆ ಇನ್ನೊಂದು ಜಾಣತನವೂ ಈ ಬಲ್ಬಿನಲ್ಲಿತ್ತು. ಅದು ಹಳೆಯ ಪಿನ್ ಹೋಲ್ಡರಿಗೇ ಕೂರುತ್ತಿತ್ತು. ಎಲೆಕ್ಟ್ರಿಷಿಯನ್ ಬೇಡ, ಹೊಸ ಪಟ್ಟಿ ಬೇಡ. ಗುಂಡು ಬಲ್ಬು ತಿರುಗಿಸಿ ತೆಗೆದು ಇದನ್ನು ಸಿಕ್ಕಿಸಿದರೆ ಸಾಕು.

ಇನ್ನೂ ಒಂದು ಉಪಕಾರವನ್ನು ಪಂಪ್‌ಸೆಟ್ಟಿನ ಸೀಮೆಯವರೇ ಹೇಳಬೇಕು. ಬೋರ್‌ವೆಲ್‌ಗಳೆಲ್ಲ ಒಟ್ಟಿಗೆ ಓಡುವಾಗ ವೋಲ್ಟೇಜು ಬಿದ್ದು, ಗುಂಡು ಬಲ್ಬಿನೊಳಗೆ ಕೆಂಪು ತಂತಿ ಮಾತ್ರ ಕಾಣುತ್ತಿದ್ದ ಸಂಜೆಗಳನ್ನು ನಾಗಮಂಗಲ, ಕೆ.ಆರ್. ಪೇಟೆ ಕಡೆಯವರು ಮರೆತಿಲ್ಲ. ಟ್ಯೂಬ್‌ಲೈಟಂತೂ ಮಿಟುಕಿ ಮಿಟುಕಿ ಹತ್ತಿಕೊಳ್ಳುತ್ತಲೇ ಇರಲಿಲ್ಲ. ಎಲ್‌ಇಡಿಯೊಳಗಿನ ಡ್ರೈವರ್ ವೋಲ್ಟೇಜು ಏರಿಳಿದರೂ ಬೆಳಕನ್ನು ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಹಿಡಿದಿಡುತ್ತದೆ. ಓದುವ ಮಕ್ಕಳಿಗೆ ಇದರಿಂದ ಆದ ಅನುಕೂಲ ಯಾವ ಯೂನಿಟ್ಟಿನ ಲೆಕ್ಕಕ್ಕೂ ಸಿಗುವಂಥದಲ್ಲ.

ಹನ್ನೆರಡು ದೀಪ ಹಾಕಿಸುವವರನ್ನು ಹಳಿಯುವುದೂ ನನಗೆ ಸರಿಕಾಣುವುದಿಲ್ಲ. ಇದೇ ಮಂಡ್ಯ ಜಿಲ್ಲೆಯ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ ಹುಟ್ಟಿತು. ಹುಟ್ಟಿದ್ದು ನೇರವಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು, 1908ರಲ್ಲಿ ಮೈಸೂರು ಬೆಳಗಿದವು. ಕಾವೇರಿ ತೀರದ ಹಳ್ಳಿಗಳಲ್ಲಿ ಬುಡ್ಡಿದೀಪ, ಲಾಟೀನುಗಳೇ ಎಷ್ಟೋ ದಶಕ ಉಳಿದವು. ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಗುಡಿಸಲಿಗೆ ದೀಪ ಬಂದಾಗಲೂ ಬಂದದ್ದು ಒಂದೇ ಬಲ್ಬು. ಕತ್ತಲನ್ನು ಕಂಡುಂಡ ತಲೆಮಾರಿನವರ ಮಕ್ಕಳು ಮನೆ ಕಟ್ಟಿಸುವಾಗ ಝಗಝಗ ಇರಲಿ ಎಂದರೆ ಅದರಲ್ಲಿ ತಪ್ಪೇನು? ತಪ್ಪಿರುವುದು ಆ ಬೆಳಕು ಬಿದ್ದಿರುವ ಜಾಗದಲ್ಲಿ.

ಇನ್ನು ಬಲ್ಬು ಕೊಳ್ಳುವ ಅಂಗಡಿಯ ಕಟ್ಟೆಗೆ ಬರೋಣ. ನಾವು ಕೇಳುವುದು ‘ಎಷ್ಟು ವಾಟು?’ ಎಂದು. ವಾಟು ಹೇಳುವುದು ಬಲ್ಬು ಉಣ್ಣುವ ಕರೆಂಟನ್ನು. ಕೊಡುವ ಬೆಳಕನ್ನು ಹೇಳುವುದು ಡಬ್ಬಿಯ ಪಕ್ಕದಲ್ಲಿ ಸಣ್ಣಕ್ಷರದಲ್ಲಿರುವ ಲ್ಯೂಮೆನ್. ಅರವತ್ತು ವಾಟಿನ ಹಳೆಯ ಗುಂಡು ಬಲ್ಬು ಸುಮಾರು 700 ಲ್ಯೂಮೆನ್ ಕೊಡುತ್ತಿತ್ತು, ಒಳ್ಳೆಯ ಒಂಬತ್ತು ವಾಟಿನ ಎಲ್‌ಇಡಿ 900ರಷ್ಟು ಕೊಡುತ್ತದೆ. ರಸ್ತೆ ಬದಿ ಗುಡ್ಡೆ ಹಾಕಿ ಮಾರುವ ಬಲ್ಬುಗಳಲ್ಲಿ ಈ ಅಂಕಿಯೇ ಇರುವುದಿಲ್ಲ, ಕರೆಂಟಿನ ಉಳಿತಾಯ ಹೇಳುವ ಬಿಇಇ ನಕ್ಷತ್ರದ ಚೀಟಿಯೂ ಇರುವುದಿಲ್ಲ. ಅಂಥದನ್ನು ಮುಟ್ಟದಿರುವುದೇ ಒಳ್ಳೆಯದು.

ಬೆಳಕಿನ ಬಣ್ಣವನ್ನಂತೂ ಯಾರೂ ಕೇಳುವುದೇ ಇಲ್ಲ. ಉಜಾಲಾ ಯೋಜನೆಯ ಬಲ್ಬುಗಳು ಹೆಚ್ಚಾಗಿ 6500 ಕೆಲ್ವಿನ್ನಿನ ನೀಲಿಮಿಶ್ರಿತ ಬಿಳುಪಿನವು. ಮನೆಮನೆಗೂ ಅದೇ ಹೋಗಿ, ಬೆಳಕೆಂದರೆ ಅದೇ ಎಂದು ಕಣ್ಣು ಒಗ್ಗಿಬಿಟ್ಟಿದೆ. ಎಲ್‌ಇಡಿಯ ಒಳಗೆ ಹುಟ್ಟುವುದು ನೀಲಿ ಬೆಳಕು. ಆ ನೀಲಿ ಡಯೋಡನ್ನು ಸಾಧ್ಯವಾಗಿಸಿದ ಅಕಸಾಕಿ, ಅಮಾನೊ, ನಕಮುರಾ ಎಂಬ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ನೀಲಿಯ ಮೇಲೆ ಹಳದಿ ರಂಜಕದ ಪುಡಿ ಲೇಪಿಸಿದರೆ ಎರಡೂ ಬೆರೆತು ಕಣ್ಣಿಗೆ ಬಿಳಿಯಾಗಿ ಕಾಣುತ್ತದೆ. ಲೇಪದಲ್ಲಿ ಜುಗ್ಗತನ ಮಾಡಿದ ಅಗ್ಗದ ಬಲ್ಬಿನಲ್ಲಿ ಕೆಂಪಿನ ಅಂಶ ತೀರಾ ಕಡಿಮೆ. ಅದರಡಿಯಲ್ಲಿ ಕುಂಕುಮ ಕಂದಾಗಿ ಕಾಣುತ್ತದೆ, ಹಣ್ಣಾದ ಟೊಮೆಟೊ ಮಂಕಾಗುತ್ತದೆ, ಮಗುವಿನ ಮುಖ ರಕ್ತಹೀನವಾದಂತೆ ತೋರುತ್ತದೆ. ಡಬ್ಬಿಯ ಮೇಲೆ ಸಿಆರ್‌ಐ ಎಂಬ ಅಂಕಿ 80ಕ್ಕಿಂತ ಮೇಲಿದ್ದರೆ ಬಣ್ಣಗಳು ಬಣ್ಣಗಳಾಗಿ ಕಾಣುತ್ತವೆ. ಓದುವ ಮೇಜಿಗೂ ಅಡುಗೆ ಕಟ್ಟೆಗೂ 4000 ಕೆಲ್ವಿನ್ನಿನ ಸುತ್ತಮುತ್ತ, ಮಲಗುವ ಕೋಣೆಗೂ ದೇವರ ಕೋಣೆಗೂ 3000ದ ಒಳಗಿನ ಹೊಂಬಣ್ಣ. ಕರೆಂಟಿನಲ್ಲಿ ಇದಕ್ಕೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಮನೆಯ ಹಿತದಲ್ಲಿ ಬಹಳ ಇದೆ.

ಎಲ್‌ಇಡಿಗೆ ಸಾವೇ ಇಲ್ಲ ಎಂಬ ನಂಬಿಕೆಯೂ ಸ್ವಲ್ಪ ತಿದ್ದಿಕೊಳ್ಳಬೇಕಾದದ್ದು. ಡಯೋಡು ಬಾಳುತ್ತದೆ, ಅದಕ್ಕೆ ಕರೆಂಟು ಉಣಿಸುವ ಡ್ರೈವರ್ ಬಿಸಿಗೆ ಸೋಲುತ್ತದೆ. ಗಾಳಿಯಾಡದ ಪಿಒಪಿ ಪೊಟರೆಯೊಳಗೆ ಕೂರಿಸಿದ ಡೌನ್‌ಲೈಟು ಬಯಲು ಹೋಲ್ಡರಿನ ಬಲ್ಬಿಗಿಂತ ಬೇಗ ಹೋಗುವುದು ಈ ಕಾರಣಕ್ಕೇ. ಪೇಟೆಯ ರಿಪೇರಿ ಅಂಗಡಿಗಳ ಹುಡುಗರು ಕೆಟ್ಟ ಬಲ್ಬಿನ ಮುಚ್ಚಳ ಬಿಚ್ಚಿ, ಸಾಲಾಗಿರುವ ಚಿಪ್‌ಗಳಲ್ಲಿ ಕಪ್ಪು ಚುಕ್ಕೆ ಬಿದ್ದದ್ದನ್ನು ಹುಡುಕಿ, ಅದರ ಮೇಲೆ ಒಂದು ತೊಟ್ಟು ಸೀಸ ಬೆಸೆದು ಮತ್ತೆ ಹತ್ತಿಸಿಕೊಡುತ್ತಾರೆ. ಹತ್ತಿಪ್ಪತ್ತು ರೂಪಾಯಿಗೆ ಬಲ್ಬು ಕಸದ ಗುಂಡಿ ಸೇರುವುದು ತಪ್ಪುತ್ತದೆ. ಉಳಿದ ಭಾಗಗಳ ಮೇಲೆ ಹೊರೆ ಬೀಳುವುದರಿಂದ ಬಹಳ ಕಾಲ ಬಾರದು, ಆದರೂ ಈ ಕೈಕಸುಬನ್ನು ನಾನು ಗೌರವಿಸುತ್ತೇನೆ. ಸೀಲಿಂಗಿನಲ್ಲಿ ಹೂತ ಪ್ಯಾನೆಲ್ ಲೈಟುಗಳಿಗಿಂತ ಕೈಗೆ ಸಿಗುವ ಹೋಲ್ಡರಿನ ಬಲ್ಬೇ ಮೇಲು ಎನ್ನಲು ಇದೂ ಒಂದು ಕಾರಣ.

ದೀಪಕ್ಕಿಂತ ಮೊದಲು ಮನೆಯೇ ಬೆಳಕನ್ನು ತೀರ್ಮಾನಿಸುತ್ತದೆ. ಈ ಸೀಮೆಯ ತೊಟ್ಟಿಮನೆಗಳಲ್ಲಿ ತೊಟ್ಟಿಯಿಂದ ಇಳಿದ ಬೆಳಕು ಸುತ್ತಲಿನ ಜಗಲಿಗೆ ಹಬ್ಬುತ್ತಿತ್ತು. ಬೀಸುವುದು, ಹೂ ಕಟ್ಟುವುದು, ಮಕ್ಕಳ ತಲೆ ಬಾಚುವುದು ಎಲ್ಲ ಅಲ್ಲೇ. ಹೆಂಚಿನ ಮನೆಗಳಲ್ಲಿ ಒಲೆಯ ಮೇಲಕ್ಕೆ ಸರಿಯಾಗಿ ಒಂದು ಗಾಜಿನ ಹೆಂಚು ಇರುತ್ತಿತ್ತು. ಆ ಒಂದು ಹೆಂಚು ಹಗಲಿಡೀ ಮಾಡುತ್ತಿದ್ದ ಕೆಲಸವನ್ನು ಇಂದು ಮೂವತ್ತು ನಲವತ್ತರ ಸೈಟಿನ ಆರ್‌ಸಿಸಿ ಮನೆಯಲ್ಲಿ ಮಟಮಟ ಮಧ್ಯಾಹ್ನ ಎಲ್‌ಇಡಿ ಮಾಡುತ್ತಿದೆ. ಬಿಸಿಲನ್ನು ಪಳಗಿಸುವ ಉಪಾಯಕ್ಕೆ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನು ನೋಡಬಹುದು, ಅದು 1784ರಲ್ಲಿ ಕಟ್ಟಿದ್ದು. ಬಿಸಿಲು ಗೋಡೆಗೆ ನೇರ ತಾಗದಂತೆ ಸುತ್ತ ಅಗಲವಾದ ಪಡಸಾಲೆ, ಇಳಿಬಿಟ್ಟ ತೆರೆ. ಒಳಗೆ ಬರುವುದು ಕಾವು ಕಳೆದುಕೊಂಡ ಬೆಳಕು. ಅರಮನೆಯ ಪಡಸಾಲೆ ಎಲ್ಲರ ಕೈಗೆಟುಕದು. ಕಿಟಕಿಯ ಮೇಲೆ ಎರಡಡಿ ಮುಂಚಾಚಿದ ಸಜ್ಜೆ, ಮೆಟ್ಟಿಲ ಮನೆಯ ನೆತ್ತಿಯಲ್ಲಿ ಒಂದು ಗಾಜು, ಪಡುವಣ ಕಿಟಕಿಗೆ ಲಾವಂಚದ ಇಲ್ಲವೆ ಬಿದಿರಿನ ತಟ್ಟಿ, ಇಷ್ಟು ಯಾರಿಗಾದರೂ ಆದೀತು.

ಒಳಗಿನ ಪೀಠೋಪಕರಣ, ಪರದೆ, ಬಣ್ಣಗಳೂ ಇದೇ ಲೆಕ್ಕಕ್ಕೆ ಸೇರುತ್ತವೆ. ಸುಣ್ಣ ಬಳಿದ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಮುಕ್ಕಾಲು ಪಾಲಿಗೂ ಮಿಕ್ಕಿ ಹಿಂದಿರುಗಿಸುತ್ತದೆ. ಕಡುಕಂದು ಲ್ಯಾಮಿನೇಟಿನ ವಾರ್ಡ್‌ರೋಬು, ಕಪ್ಪು ಗ್ರಾನೈಟು, ಮರೂನು ಬಣ್ಣದ ದಪ್ಪ ಪರದೆ ಬಹುಪಾಲನ್ನು ನುಂಗಿಬಿಡುತ್ತವೆ. ಹೀಗೆ ನುಂಗಿಸಿಕೊಂಡ ಕೋಣೆಗೆ ಇನ್ನೆರಡು ಡೌನ್‌ಲೈಟು ಸೇರಿಸುತ್ತಾರೆ. ಕಿಟಕಿಗೆ ತೆಳು ಹತ್ತಿಯ ಪರದೆ, ಚಾವಣಿಗೆ ಅಚ್ಚಬಿಳುಪು, ಬೀರುವಿನ ಬಾಗಿಲಿಗೆ ತಿಳಿ ಬಣ್ಣ ಆಯ್ದರೆ ಅರ್ಧ ದೀಪಗಳು ಬೇಕಾಗುವುದೇ ಇಲ್ಲ. ಬೇಸಿಗೆಯ ಕಾವಿಗೆ ಮಂಡ್ಯದವರ ಹಳೆಯ ಉಪಾಯವೇ ಇದೆ: ತಾರಸಿಗೆ ಸುಣ್ಣ, ಅದರ ಮೇಲೆ ತೆಂಗಿನ ಗರಿಯ ಚಪ್ಪರ. ಕೆಳಗಿನ ಕೋಣೆಯಲ್ಲಿ ಫ್ಯಾನಿನ ವೇಗ ತಾನಾಗಿ ಇಳಿಯುತ್ತದೆ.

ಉಳಿತಾಯದ ದೊಡ್ಡ ಜಾಗ ಈಗ ಆ ಫ್ಯಾನೇ. ಅರವತ್ತು ವಾಟಿನ ಬಲ್ಬು ದಿನಕ್ಕೆ ಐದು ಗಂಟೆಯಂತೆ ತಿಂಗಳಿಗೆ 9 ಯೂನಿಟ್ ಉಣ್ಣುತ್ತಿತ್ತು, ಎಲ್‌ಇಡಿ ಅದನ್ನು ಒಂದೂವರೆ ಯೂನಿಟ್ಟಿನೊಳಗೆ ತಂದಿತು. ಆದರೆ 75 ವಾಟಿನ ಹಳೆಯ ಫ್ಯಾನು ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್. ಬ್ರಷ್ ಇಲ್ಲದ ಮೋಟಾರಿನ, ಮೂವತ್ತು ವಾಟಿನ ಬಿಎಲ್‌ಡಿಸಿ ಫ್ಯಾನು ಅದೇ ಗಾಳಿಯನ್ನು 11 ಯೂನಿಟ್ಟಿನೊಳಗೆ ಕೊಡುತ್ತದೆ. ಸ್ವಿಚ್ ಆರಿಸದೆ ಬಿಟ್ಟ ಸೆಟ್‌ಟಾಪ್ ಬಾಕ್ಸು ಹತ್ತು ವಾಟು ಎಳೆಯುತ್ತಿದ್ದರೆ ಸುಮ್ಮನೆ ಕೂತೇ ತಿಂಗಳಿಗೆ 7 ಯೂನಿಟ್ ಮುಗಿಸುತ್ತದೆ. ಐದು ಎಲ್‌ಇಡಿ ಬಲ್ಬುಗಳ ಪಾಲು ಅದು. ಸೀಲಿಂಗ್ ಫ್ಯಾನಿಗೆ 2023ರ ಜನವರಿಯಿಂದ ನಕ್ಷತ್ರದ ಚೀಟಿ ಕಡ್ಡಾಯವಾಗಿದೆ. ಹೊಸ ಮನೆಗೆ ಸೀಲಿಂಗ್ ಅಲಂಕಾರಕ್ಕೆ ಲಕ್ಷ ಸುರಿಯುವವರೂ ಫ್ಯಾನಿನ ವಿಷಯದಲ್ಲಿ ಐನೂರು ರೂಪಾಯಿಗೆ ಚೌಕಾಸಿ ಮಾಡುತ್ತಾರೆ.

ಆದಿಚುಂಚನಗಿರಿಯ ಸುತ್ತಲಿನವರಿಗೆ ಇನ್ನೊಂದು ಮಾತು. ಈ ಬೆಟ್ಟ 1981ರಿಂದ ನವಿಲುಧಾಮ. ನವಿಲು ರಾತ್ರಿ ಮರದ ಮೇಲೆ ಕೂತು ಮಲಗುವ ಹಕ್ಕಿ. ಕಾಂಪೌಂಡಿನ ಮೇಲೆ ಆಕಾಶಕ್ಕೆ ಮುಖಮಾಡಿದ ಫ್ಲಡ್‌ಲೈಟನ್ನು ‘ಹೇಗೂ ಎಲ್‌ಇಡಿ’ ಎಂದು ಬೆಳಗಿನತನಕ ಉರಿಸಿದರೆ ಅದರ ಪೆಟ್ಟು ಕೂರುವ ಹಕ್ಕಿಗೂ ಹಾರುವ ಹುಳುವಿಗೂ ಬೀಳುತ್ತದೆ. ಬೆಳಕು ಅಂಗಳಕ್ಕಷ್ಟೇ ಬೀಳುವಂತೆ ಮೇಲೆ ಮರೆಯಿರುವ, ಹೊಂಬಣ್ಣದ, ಆಳು ಓಡಾಡಿದಾಗ ಮಾತ್ರ ಹತ್ತುವ ದೀಪ ಸಾಕು.

ಇನ್ನು ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆ. 2023ರ ಆಗಸ್ಟಿನಿಂದ ಬಡವರ ಮನೆಯ ಬಿಲ್ಲು ಸೊನ್ನೆಯಾಯಿತು. ಅದರಿಂದ ಬಂದ ನೆಮ್ಮದಿಯನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಆದರೆ ಅದರ ಸೂತ್ರದಲ್ಲಿ ಉಳಿಸಿದವರಿಗೆ ಒಂದು ಅನ್ಯಾಯ ಸೇರಿಕೊಂಡಿತು. ಇನ್ನೂರು ಯೂನಿಟ್ಟಿನ ಮಿತಿಯೊಳಗೆ, ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇ 10 ಸೇರಿಸಿ ಉಚಿತ ಪಾಲನ್ನು ನಿಗದಿ ಮಾಡಿದರು. ಅಷ್ಟರಲ್ಲಾಗಲೇ ಎಲ್‌ಇಡಿ ಹಾಕಿ, ಫ್ಯಾನು ಬದಲಿಸಿ ಸರಾಸರಿಯನ್ನು 60ಕ್ಕೆ ತಂದುಕೊಂಡ ಮನೆಗೆ 66 ಯೂನಿಟ್ ಸಿಕ್ಕರೆ, ಲೆಕ್ಕವಿಲ್ಲದೆ 150 ಉರಿಸಿದ ಮನೆಗೆ 165 ಸಿಕ್ಕಿತು. 2024ರ ಆರಂಭದಲ್ಲಿ ಕಡಿಮೆ ಬಳಸುವವರಿಗೆ ಶೇ 10ರ ಬದಲು 10 ಯೂನಿಟ್ ಎಂದು ತಿದ್ದಿದ್ದು ತಕ್ಕಮಟ್ಟಿಗೆ ಸರಿಯಾದ ಹೆಜ್ಜೆ. ಆದರೂ ಬಿಲ್ಲು ಸೊನ್ನೆ ಇರುವ ಮನೆಗೆ ದುಬಾರಿ ಬಿಎಲ್‌ಡಿಸಿ ಫ್ಯಾನು ಕೊಳ್ಳಲು ತನ್ನ ಜೇಬಿನಿಂದ ಯಾವ ಕಾರಣವೂ ಇಲ್ಲ. ಆ ಫ್ಯಾನಿನಿಂದ ಉಳಿಯುವುದು ಸರ್ಕಾರದ ಸಹಾಯಧನ. ಹಾಗಾದರೆ ಕೊಳ್ಳಬೇಕಾದದ್ದೂ ಸರ್ಕಾರವೇ ಅಲ್ಲವೇ? ಬಲ್ಬಿಗೆ ಮಾಡಿದ್ದನ್ನೇ ಫ್ಯಾನಿಗೂ ಮಾಡಬಹುದು. ಸಗಟಿನಲ್ಲಿ ಕೊಂಡು, ಬೆಲೆ ಇಳಿಸಿ, ಇಲ್ಲಿಗೆ ವಿದ್ಯುತ್ ಪೂರೈಸುವ ಸೆಸ್ಕ್ ಕಂಪನಿಯ ಉಪವಿಭಾಗದ ಕಚೇರಿಯಲ್ಲಿ ಹಳೆಯ ಫ್ಯಾನು ತಂದುಕೊಟ್ಟವರಿಗೆ ಹೊಸದು ಕೊಡುವುದು. ಉಜಾಲಾ ಬಲ್ಬುಗಳನ್ನು ಸಗಟಾಗಿ ಕೊಂಡ ಕೇಂದ್ರದ ಇಇಎಸ್‌ಎಲ್ ಸಂಸ್ಥೆ 2023ರ ನವೆಂಬರಿನಲ್ಲಿ ದೇಶಕ್ಕೆ ಒಂದು ಕೋಟಿ ಮಿತಬಳಕೆಯ ಫ್ಯಾನುಗಳ ಯೋಜನೆ ಘೋಷಿಸಿದೆ. ಅದರಲ್ಲಿ ಕರ್ನಾಟಕದ ಪಾಲನ್ನು ಮೊದಲು ಗೃಹಜ್ಯೋತಿಯ ಮನೆಗಳಿಗೆ, ಅದರಲ್ಲೂ ಶೀಟಿನ ಮಾಡಿನಡಿ ಹಗಲೂ ರಾತ್ರಿ ಫ್ಯಾನು ತಿರುಗಿಸಲೇಬೇಕಾದವರಿಗೆ ಕೊಡಲಿ.