ಗುಬ್ಬಿಯ ಪಾದ್ರಿಯ ಅರ್ಥನೀತಿ: ಮುಗ್ಗಟ್ಟಿನ ಕಾಲಕ್ಕೆ ಅದು ಸಾಲುವುದೆ?

ಐರ್ಲೆಂಡಿನವನಾದ ವಿಲಿಯಂ ಆರ್ಥರ್ ಎಂಬ ವೆಸ್ಲಿಯನ್ ಪಾದ್ರಿಯು 1839ರಲ್ಲಿ ಹೊರಟು ಬಂದು ನಮ್ಮ ತುಮಕೂರು ಸೀಮೆಯ ಗುಬ್ಬಿಯಲ್ಲಿ ನೆಲಸಿದನು. ದೇಹಸ್ಥಿತಿ ಕೆಟ್ಟುದರಿಂದ 1841ರಲ್ಲಿಯೇ ಅವನು ಹಿಂದಿರುಗಬೇಕಾಯಿತು. ಅವನು ಬರೆದ ಮೈಸೂರು ಮಿಷನ್ನಿನ ವೃತ್ತಾಂತವು (1847) ಇತಿಹಾಸದ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಆದರೆ ಹಣದ ವಿಷಯವಾಗಿ ಅವನು ರಚಿಸಿದ ಎರಡು ಕೃತಿಗಳತ್ತ ನಮ್ಮವರ ಗಮನ ಹರಿದಿರುವುದು ಅಪರೂಪ. ಮೊದಲನೆಯದು ಸ್ಯಾಮ್ಯುಯೆಲ್ ಬಜೆಟ್ ಎಂಬ ದಿನಸಿ ವ್ಯಾಪಾರಿಯ ಚರಿತ್ರೆಯಾದ ‘ದಿ ಸಕ್ಸೆಸ್‌ಫುಲ್ ಮರ್ಚೆಂಟ್’ (1852). ಎರಡನೆಯದು ಆದಾಯದ ಒಂದು ನಿಶ್ಚಿತ ಅಂಶವನ್ನು ದಾನಮಾಡುವುದು ಕರ್ತವ್ಯವೆಂದು ವಾದಿಸುವ ಉಪನ್ಯಾಸ (1855). 2008ರ ಹಣಕಾಸಿನ ಕುಸಿತ ಮತ್ತು 2020ರ ಸಾಂಕ್ರಾಮಿಕದ ತರುವಾಯ ಕ್ರೈಸ್ತ ಕುಟುಂಬಗಳಿಗೆ ಉಳಿತಾಯದ ಬಗೆಗೆ ನೀಡಲಾಗುತ್ತಿರುವ ಬುದ್ಧಿವಾದದಲ್ಲಿ ಈ ಪರಂಪರೆಯ ಧ್ವನಿಯೇ ಕೇಳಿಬರುತ್ತದೆ. ಆದಕಾರಣ ಅದರ ಬಲಾಬಲಗಳನ್ನು ವಿಚಾರಿಸುವುದು ನಿರರ್ಥಕವಾಗಲಾರದು.

ಈ ಪರಂಪರೆಯ ಮೂಲ ಜಾನ್ ವೆಸ್ಲಿಯು 1760ರಲ್ಲಿ ಪ್ರಕಟಿಸಿದ, ಹಣದ ಉಪಯೋಗವನ್ನು ಕುರಿತ ಪ್ರವಚನ. ನ್ಯಾಯವಾಗಿ ಗಳಿಸುವುದು, ದುಂದಿಲ್ಲದೆ ಉಳಿಸುವುದು, ಉಳಿದುದನ್ನು ಧಾರಾಳವಾಗಿ ಕೊಡುವುದು ಎಂಬ ಮೂರು ನಿಯಮಗಳು ಅದರ ಸಾರ. ಮೂರನೆಯದು ಬಿದ್ದುಹೋದರೆ ಮೊದಲಿನ ಎರಡೂ ಕೇಡಿಗೆ ಕಾರಣವಾಗುತ್ತವೆಂಬುದು ಅವನ ನಿಲವು. ಆರ್ಥರನ ಎರಡು ಕೃತಿಗಳು ಈ ಸೂತ್ರದ ಎರಡು ತುದಿಗಳನ್ನು ಹಿಡಿದಿವೆ. ಬಜೆಟ್ಟನ ಚರಿತ್ರೆ ಗಳಿಕೆಯ ಆದರ್ಶ. ಉಪನ್ಯಾಸವು ದಾನದ ಶಿಸ್ತು. ಹಾದಿಯಲ್ಲಿ ಸಿಕ್ಕ ಕುದುರೆಲಾಳವೊಂದನ್ನು ಕಮ್ಮಾರನಿಗೆ ಒಂದು ಪೆನ್ನಿಗೆ ಮಾರಿದ ಬಾಲಕನು ಬ್ರಿಸ್ಟಲ್ ಪ್ರಾಂತದ ದೊಡ್ಡ ಸಗಟು ವರ್ತಕನಾದ ಕಥೆಯನ್ನು ಆರ್ಥರನು ಮನಮುಟ್ಟುವಂತೆ ಹೇಳುತ್ತಾನೆ. ವ್ಯಾಪಾರವನ್ನು ಧರ್ಮದ ಹೊರಗಿನ ವಸ್ತುವೆಂದು ದೂರವಿಡದೆ, ಅಂಗಡಿಯ ಕಟ್ಟೆಯ ಮೇಲೆಯೇ ಮನುಷ್ಯನ ಭಕ್ತಿ ಪರೀಕ್ಷೆಗೊಳಗಾಗುತ್ತದೆಂದು ತೋರಿಸಿದುದು ಅವನ ಹಿರಿಮೆ. ಇದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ.

ಆದರೆ ಇಲ್ಲಿ ಒಂದು ತೊಡಕಿದೆ. ಬಜೆಟ್ಟನ ಜೀವಿತಾವಧಿಯಲ್ಲಿ (1794–1851) ಇಂಗ್ಲೆಂಡು 1825, 1837, 1847ರ ವಾಣಿಜ್ಯ ಮುಗ್ಗಟ್ಟುಗಳನ್ನು ಕಂಡಿತು. ಅವುಗಳಲ್ಲಿ ಮುಳುಗಿದವರೆಲ್ಲರೂ ಸೋಮಾರಿಗಳೂ ವಂಚಕರೂ ಆಗಿರಲಿಲ್ಲ. ವ್ಯಕ್ತಿಯ ಶೀಲವನ್ನೇ ಕೇಂದ್ರದಲ್ಲಿಟ್ಟ ಚರಿತ್ರೆಯು ಗೆದ್ದವನ ಗೆಲುವನ್ನು ವಿವರಿಸಬಲ್ಲದು. ಸೋತ ಸಜ್ಜನನ ಸೋಲನ್ನು ವಿವರಿಸಲಾರದು. ಆರ್ಥರನು ವೆಸ್ಲಿಯನ್ ಸಮ್ಮೇಳನದ ಅಧ್ಯಕ್ಷನಾದ 1866ರ ಮೇ ತಿಂಗಳಿನಲ್ಲಿಯೇ ಲಂಡನ್ನಿನ ಓವರೆಂಡ್ ಗರ್ನಿ ಸಂಸ್ಥೆ ಬಾಗಿಲು ಮುಚ್ಚಿತು. ಗರ್ನಿಗಳು ಸತ್ಯಸಂಧತೆಗೆ ಹೆಸರಾದ ಕ್ವೇಕರ್ ಮನೆತನದವರು. ಅಮೆರಿಕದ ಅಂತರ್ಯುದ್ಧ 1865ರಲ್ಲಿ ಮುಗಿದು ಹತ್ತಿಯ ಬೆಲೆ ಇಳಿದಾಗ ಮುಂಬಯಿಯ ಷೇರುಗಳೂ ನೆಲ ಕಚ್ಚಿದವು. ಧಾರವಾಡ ಸೀಮೆಯ ಹತ್ತಿ ಬೆಳೆಗಾರನಿಗೂ ಆ ಇಳಿತದ ಬಿಸಿ ತಟ್ಟದಿರಲಿಲ್ಲ. ಅವನ ಶೀಲದಲ್ಲಿ ಯಾವ ಲೋಪವನ್ನು ಹುಡುಕೋಣ? ಸಮೀಪದ ನಿದರ್ಶನವೂ ಇದೆ. ಕೇರಳದ ಕ್ರೈಸ್ತರು ಸ್ಥಾಪಿಸಿದ್ದ ಪಾಲೈ ಸೆಂಟ್ರಲ್ ಬ್ಯಾಂಕು 1960ರಲ್ಲಿ ಮುಚ್ಚಿತು. ಠೇವಣಿದಾರರ ನೆರವಿಗೆ ಕಡೆಗೆ ಬಂದುದು ಸ್ವಮತೀಯರ ಮೇಲಿನ ವಿಶ್ವಾಸವಲ್ಲ, ಕಾನೂನು: 1962ರಲ್ಲಿ ಠೇವಣಿ ವಿಮೆ ಜಾರಿಗೆ ಬಂದಿತು. ಆಗ 1,500 ರೂಪಾಯಿಯಷ್ಟಿದ್ದ ಅದರ ಮಿತಿ 2020ರಲ್ಲಿ 5 ಲಕ್ಷಕ್ಕೇರಿತು.

ಮುಗ್ಗಟ್ಟಿನ ಕಾಲಕ್ಕೆ ಈ ಪಂಥದ ಉಪದೇಶಕರು ಆಶ್ರಯಿಸುವುದು ಆದಿಕಾಂಡದ ಯೋಸೇಫನನ್ನು. ಸುಭಿಕ್ಷದ ಏಳು ವರ್ಷ ಐದನೆಯ ಒಂದು ಪಾಲನ್ನು ಕೂಡಿಟ್ಟರೆ ದುರ್ಭಿಕ್ಷದ ಏಳು ವರ್ಷ ಬದುಕಬಹುದೆಂಬುದು ಪಾಠ. ಕುಣಿಗಲ್ ತಾಲ್ಲೂಕಿನ ಅಮೃತೂರಿನಂತಹ ಹೋಬಳಿಯ ರೈತನಿಗೆ ಈ ಪಾಠವನ್ನು ಬೈಬಲಿನಿಂದ ಕಲಿಸಬೇಕಾಗಿರಲಿಲ್ಲ. ನಮ್ಮ ಬಯಲುಸೀಮೆಯವರು ಹಗೇವಿನಲ್ಲಿ ತುಂಬಿಟ್ಟ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದಿತು. ಆದರೂ ಮಳೆಯ ಬರವನ್ನೂ ವ್ಯಾಪಾರದ ಮುಗ್ಗಟ್ಟನ್ನೂ ಒಂದೇ ಎಂದೆಣಿಸುವುದು ತಪ್ಪು. ಬರದಲ್ಲಿ ಧಾನ್ಯದ ಬೆಲೆ ಏರುತ್ತದೆ, ಕೂಡಿಟ್ಟವನು ಗೆಲ್ಲುತ್ತಾನೆ. 1929ರ ತರುವಾಯದಂತಹ ಮುಗ್ಗಟ್ಟಿನಲ್ಲಿ ಬೆಲೆ ಇಳಿಯುತ್ತದೆ. ಕಣಜ ತುಂಬಿದ್ದವನೂ ಸೋಲುತ್ತಾನೆ. ಬೆಲೆ ಅರ್ಧಕ್ಕಿಳಿದರೆ ನೂರು ರೂಪಾಯಿಯ ಸಾಲ ತೀರಿಸಲು ಎರಡರಷ್ಟು ಬೆಳೆ ಮಾರಬೇಕು. ಅಲ್ಲಿ ಕಾಪಾಡುವುದು ಸರಕಿನ ದಾಸ್ತಾನಲ್ಲ. ಋಣವಿಲ್ಲದ ಸ್ಥಿತಿ ಮತ್ತು ಕೈಯಲ್ಲಿರುವ ಹಣ. ಇದಲ್ಲದೆ ಯೋಸೇಫನಿಗೆ ಬರದ ವರ್ಷಗಳ ಲೆಕ್ಕ ಮೊದಲೇ ತಿಳಿದಿದ್ದಿತು. ನಮಗೆ ಆ ಸ್ವಪ್ನವಿಲ್ಲ. ಯಾವ ಕೇಡು ಬರುವುದೋ ತಿಳಿಯದ ಕಾರಣ ಪಾಲನ್ನು ಏಳೆಂಟು ಕಡೆ ಹಂಚೆಂಬ ಪ್ರಸಂಗಿಯ ವಿವೇಕವೇ ನಮ್ಮ ಅಜ್ಞಾನಕ್ಕೆ ಹೆಚ್ಚು ಒಪ್ಪುವಂಥದು.

ಇನ್ನೂ ಗಂಭೀರವಾದ ಆಕ್ಷೇಪವೊಂದಿದೆ. ಉಪದೇಶಕರು ಆದಿಕಾಂಡದ 41ನೆಯ ಅಧ್ಯಾಯವನ್ನು ಓದಿ 47ನೆಯದನ್ನು ಬಿಡುತ್ತಾರೆ. ಅಲ್ಲಿ ಹಸಿದ ಜನರು ಮೊದಲು ಹಣವನ್ನು, ಅನಂತರ ದನಕರುಗಳನ್ನು, ಕಡೆಗೆ ಹೊಲಗಳನ್ನೂ ತಮ್ಮನ್ನೂ ಫರೋಹನಿಗೆ ಒಪ್ಪಿಸಿ ಧಾನ್ಯ ಪಡೆಯುತ್ತಾರೆ. ಬೆಲೆ ಬಿದ್ದಾಗ ಕೊಳ್ಳಬೇಕೆಂಬ ಹೂಡಿಕೆಯ ಸೂತ್ರದ ಮತ್ತೊಂದು ಮುಖವೇ ಇದು. ಅಗ್ಗವಾಗಿ ಕೊಳ್ಳುವವನಿದ್ದಾನೆಂದರೆ ವಿಧಿಯಿಲ್ಲದೆ ಮಾರುವವನೂ ಇರಬಹುದು. 1876–78ರ ಬರವನ್ನು ನೆನೆದರೆ ಇದರ ಅರ್ಥ ಸ್ಪಷ್ಟವಾಗುತ್ತದೆ: 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕೆಳಗಿಳಿದಿದ್ದಿತು. ಅಂತಹ ಕಾಲದಲ್ಲಿ ನೆರೆಯವನ ಗದ್ದೆಯನ್ನು ಅಗ್ಗಕ್ಕೆ ಕೊಂಡವನನ್ನು ಜಾಣನೆನ್ನಬಹುದು, ಧರ್ಮಿಷ್ಠನೆನ್ನಬಹುದೆ? ಕುಸಿದ ಕಾಲದಲ್ಲಿ ಒಂದು ಉದ್ಯಮಕ್ಕೆ ಹೊಸ ಬಂಡವಾಳವನ್ನು ಒದಗಿಸುವುದು ಬೇರೆ; ಸಾಲಕ್ಕೆ ಸಿಕ್ಕವನ ಆಸ್ತಿಯನ್ನು ಬಾಚಿಕೊಳ್ಳುವುದು ಬೇರೆ. ಬಡವನಿಂದ ಬಡ್ಡಿ ಕೀಳಬಾರದೆನ್ನುವ ವಿಮೋಚನಕಾಂಡವೂ, ಐವತ್ತನೆಯ ವರ್ಷ ಮಾರಿದ ಭೂಮಿ ಹಿಂದಿರುಗಬೇಕೆನ್ನುವ ಯಾಜಕಕಾಂಡವೂ ಈ ಭೇದವನ್ನು ಬಲ್ಲವು.

ಆರ್ಥರನ ನಿಶ್ಚಿತಾಂಶದ ದಾನವನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ನೂರರ ಆದಾಯಕ್ಕೆ ಹತ್ತು ಕೊಡುತ್ತಿದ್ದವನು ಆದಾಯ ಅರವತ್ತಕ್ಕಿಳಿದರೆ ಆರು ಕೊಡುತ್ತಾನೆ. ಕೊಡುವವನಿಗೆ ಇದು ನ್ಯಾಯ. ಆದರೆ ಪಡೆಯುವವರ ಅಗತ್ಯ ಇಮ್ಮಡಿಯಾದ ವರ್ಷದಲ್ಲಿಯೇ ದಾನವು ಕುಗ್ಗುತ್ತದೆ. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯದ ಸೈಫನ್ನುಗಳು, ನೀರು ಮಟ್ಟವನ್ನು ಮೀರಿದೊಡನೆ ಯಾರ ಕೈಯೂ ಸೋಕದೆ ಹೆಚ್ಚಿನದನ್ನು ಹೊರಕ್ಕೆ ಹರಿಸುತ್ತವೆ. ನಿಶ್ಚಿತಾಂಶವು ಅಂತಹ ಸೈಫನ್ನು: ತುಂಬಿದಾಗ ತಪ್ಪದೆ ಹರಿಯುತ್ತದೆ. ಆದರೆ ಬೇಸಗೆಯ ಬೆಳೆಯನ್ನು ಉಳಿಸುವುದು ಸೈಫನ್ನಲ್ಲ, ತೂಬು. ಅದನ್ನು ಅಳತೆಯರಿತು ಎತ್ತಲು ನೀರುಗಂಟಿ ಬೇಕು.

ಆದುದರಿಂದ ಆರ್ಥರನ ನೀತಿಯನ್ನು ನಾವು ತಳ್ಳಿಹಾಕುವುದಿಲ್ಲ; ಅದಕ್ಕೆ ತೂಬೊಂದನ್ನು ಸೇರಿಸಬೇಕೆನ್ನುತ್ತೇವೆ. ಸುಭಿಕ್ಷದ ವರ್ಷಗಳಲ್ಲಿ ತನ್ನ ಸಂಸಾರಕ್ಕಾಗಿ ಮಾತ್ರವಲ್ಲದೆ ದಾನಕ್ಕಾಗಿಯೂ ಕೂಡಿಡುವುದು, ಮುಗ್ಗಟ್ಟಿನ ವರ್ಷದಲ್ಲಿ ಅದನ್ನು ತೆರೆಯುವುದು, ಸಾಲ ಮಾಡಿ ಹೂಡದಿರುವುದು, ಕೊಳ್ಳುವ ಮುನ್ನ ಮಾರುವವನ ಮುಖವನ್ನು ನೋಡುವುದು—ಇಷ್ಟು ಕೂಡಿದರೆ ವೆಸ್ಲಿಯ ಮೂರು ನಿಯಮಗಳು ಕಾಲಚಕ್ರದ ಇಳಿತದಲ್ಲಿಯೂ ನಿಲ್ಲಬಲ್ಲವು. ಇಲ್ಲವಾದರೆ ಅವು ಏರುಗಾಲದ ವರ್ತಕನಿಗಷ್ಟೇ ಒಪ್ಪುವ ನೀತಿಯಾಗಿ ಉಳಿಯುತ್ತವೆ.