ಚಾವಣಿ ಆಮೇಲೆ ನೋಡೋಣ ಎಂದ ಕ್ರೀಡಾಂಗಣ

ಹೈದರಾಬಾದಿನಲ್ಲಿ ಎರಡು ದೊಡ್ಡ ಕ್ರೀಡಾಂಗಣಗಳು ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ ಎದ್ದವು. ಪಶ್ಚಿಮಕ್ಕೆ ಗಚ್ಚಿಬೌಲಿಯ ಜಿ.ಎಂ.ಸಿ. ಬಾಲಯೋಗಿ ಅಥ್ಲೆಟಿಕ್ ಕ್ರೀಡಾಂಗಣ, ಪೂರ್ವಕ್ಕೆ ಉಪ್ಪಲ್‌ನ ಕ್ರಿಕೆಟ್ ಕ್ರೀಡಾಂಗಣ. ಮೊದಲನೆಯದನ್ನು ಸರ್ಕಾರವೇ ಕಟ್ಟಿತು. ಎರಡನೆಯದಕ್ಕೆ ಸರ್ಕಾರ ಜಾಗ ಕೊಟ್ಟಿತು, ಹೈದರಾಬಾದ್ ಕ್ರಿಕೆಟ್ ಸಂಸ್ಥೆ ಕಟ್ಟಿಸಿತು. ಯೋಜನಾ ನಿರ್ವಹಣೆ ಎಂಬ ಕಸುಬು ಒಂದು ಕ್ರೀಡಾಂಗಣಕ್ಕೆ ಏನು ಕೊಡಬಲ್ಲದು, ಎಲ್ಲಿ ಕೈಬಿಡುತ್ತದೆ ಎಂದು ತಿಳಿಯಬೇಕಾದರೆ ಇವೆರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು. ಬೆಂಗಳೂರಿನ ಸೂರ್ಯನಗರದಲ್ಲಿ 80,000 ಆಸನಗಳ ಕ್ರೀಡಾಂಗಣಕ್ಕೆ ಸರ್ಕಾರ ಒಪ್ಪಿಗೆ ಕೊಟ್ಟಿರುವಾಗ ಇದು ಪಕ್ಕದ ರಾಜ್ಯದ ಸುದ್ದಿ ಮಾತ್ರವಲ್ಲ.

ಗಚ್ಚಿಬೌಲಿಗೆ ಒಂದು ದಿನಾಂಕವಿತ್ತು. 2002ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಕ್ರೀಡಾಕೂಟ, 2003ರ ಅಕ್ಟೋಬರ್ 24ರಿಂದ ಆಫ್ರೋ-ಏಷ್ಯನ್ ಕ್ರೀಡಾಕೂಟ. ದಿನಾಂಕ ಗಟ್ಟಿಯಾಗಿದ್ದರೆ ಸರ್ಕಾರಿ ಕಡತ ಎಷ್ಟು ಚುರುಕಾಗಿ ಓಡಬಲ್ಲದು ಎನ್ನುವುದಕ್ಕೆ ಅದು ಒಳ್ಳೆಯ ಪುರಾವೆ. ಸುಮಾರು 30,000 ಜನ ಕೂರುವ ಗ್ಯಾಲರಿ, ಟ್ರ್ಯಾಕ್, ಈಜುಕೊಳ, ಒಳಾಂಗಣ ಎಲ್ಲವೂ ಕೂಟದ ಹೊತ್ತಿಗೆ ನಿಂತವು. ಈ ಮಟ್ಟಿಗೆ ಅದನ್ನು ಮೆಚ್ಚಲೇಬೇಕು. ಆದರೆ ಕೂಟ ಮುಗಿದ ಮರುದಿನ ಇಷ್ಟೆಲ್ಲವನ್ನು ಯಾರು, ಯಾವ ದುಡ್ಡಿನಿಂದ ನಡೆಸಬೇಕು ಎಂಬುದಕ್ಕೆ ಅಂಥ ಗಟ್ಟಿ ಉತ್ತರ ಇರಲಿಲ್ಲ. ಆಫ್ರೋ-ಏಷ್ಯನ್ ಕೂಟಕ್ಕೂ ಮುಂಚೆ, 2003ರ ಆಗಸ್ಟ್‌ನಲ್ಲಿ ಐಎಂಜಿ ಭಾರತ ಎಂಬ ಕಂಪನಿಯ ಜೊತೆ ಸರ್ಕಾರ ಒಪ್ಪಂದ ಮಾಡಿಕೊಂಡು, ಕ್ರೀಡಾ ಅಕಾಡೆಮಿಗಳ ಹೆಸರಿನಲ್ಲಿ 850 ಎಕರೆ ಕೊಡಲು ಹೊರಟಿತು. ಮುಂದಿನ ಸರ್ಕಾರ ಅದನ್ನು ರದ್ದು ಮಾಡಿತು, ವ್ಯಾಜ್ಯ ಹೈಕೋರ್ಟಿಗೆ ಹೋಯಿತು. ರದ್ದತಿ ಸರಿ ಎಂಬ ತೀರ್ಪು ಬಂದದ್ದು 2024ರಲ್ಲಿ. ಹೈದರಾಬಾದ್ ಎಫ್‌ಸಿ ಎಂಬ ಫುಟ್‌ಬಾಲ್ ತಂಡ ಗಚ್ಚಿಬೌಲಿಯನ್ನು ನೆಲೆ ಮಾಡಿಕೊಂಡದ್ದು 2019ರಲ್ಲಿ. 2020ರ ಕೋವಿಡ್ ಕಾಲದಲ್ಲಿ ಕ್ರೀಡಾ ಸಮುಚ್ಚಯದ ಬಹುಮಹಡಿ ಕಟ್ಟಡವನ್ನು 1,500 ಹಾಸಿಗೆಗಳ ಆಸ್ಪತ್ರೆ ಮಾಡಲಾಯಿತು. ಆಪತ್ತಿನಲ್ಲಿ ಅದು ಜೀವ ಉಳಿಸುವ ನಿರ್ಧಾರವೇ. ಆದರೂ ಹಾಗೆ ಮಾಡಲು ಅಷ್ಟು ದೊಡ್ಡ ಕಟ್ಟಡ ಕೈಗೆ ಸಿಕ್ಕಿತು ಎಂಬುದು ಯೋಚಿಸಬೇಕಾದ ಸಂಗತಿ.

ಉಪ್ಪಲ್‌ನ ಕಥೆ ಇನ್ನೂ ತೊಡಕಿನದು. ಕಟ್ಟುವ ದುಡ್ಡಿಗಾಗಿ ಹೆಸರಿನ ಹಕ್ಕನ್ನು ಹರಾಜು ಹಾಕಿ ವಿಶಾಖ ಇಂಡಸ್ಟ್ರೀಸ್‌ಗೆ ಕೊಟ್ಟರು. 2004ರಲ್ಲಿ ಸರ್ಕಾರ ಬದಲಾದ ಮೇಲೆ ಕ್ರೀಡಾಂಗಣಕ್ಕೆ ರಾಜೀವ್ ಗಾಂಧಿ ಹೆಸರು ಬಂತು. ಹಕ್ಕು ಕೊಂಡವರು ಪರಿಹಾರ ಕೇಳಿದರು, ಜಗಳ ಮಧ್ಯಸ್ಥಿಕೆಗೆ, ಅಲ್ಲಿಂದ ಕೋರ್ಟಿಗೆ ಹೋಗಿ ವರ್ಷಗಟ್ಟಲೆ ನಡೆಯಿತು. 2005ರ ನವೆಂಬರ್ 16ರಂದು ದಕ್ಷಿಣ ಆಫ್ರಿಕಾ ವಿರುದ್ಧ ಮೊದಲ ಏಕದಿನ ಪಂದ್ಯ ನಡೆದು ಯುವರಾಜ್ ಸಿಂಗ್ ಶತಕ ಹೊಡೆದಾಗ ಜನ ಇದನ್ನೆಲ್ಲ ಮರೆತರು. ಆದರೆ ಪಂದ್ಯ ನಡೆದಿದೆ ಎಂದರೆ ಕ್ರೀಡಾಂಗಣ ಮುಗಿದಿದೆ ಎಂದಲ್ಲ. ಎಷ್ಟೋ ವರ್ಷ ಅಲ್ಲಿನ ಹಲವು ಸ್ಟ್ಯಾಂಡುಗಳಿಗೆ ಚಾವಣಿಯೇ ಇರಲಿಲ್ಲ. ಏಪ್ರಿಲ್-ಮೇ ಬಿಸಿಲಿನಲ್ಲಿ, ತೆಲಂಗಾಣದ ಬಿಸಿಲಿನಲ್ಲಿ, ಮಧ್ಯಾಹ್ನದ ಐಪಿಎಲ್ ಪಂದ್ಯಕ್ಕೆ ದುಡ್ಡು ಕೊಟ್ಟು ಬಂದವರು ಸುಡುವ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ನೋಡಿದರು.

ಚಾವಣಿ ಎಂದರೆ ಕೊನೆಗೆ ಹೊದಿಸುವ ತಗಡಲ್ಲ. ಗ್ಯಾಲರಿಯ ಹಿಂಬದಿಯಿಂದ ಮೈದಾನದ ಕಡೆಗೆ, ನೋಡುವವರ ಕಣ್ಣಿಗೆ ಕಂಬ ಅಡ್ಡ ಬಾರದಂತೆ ಚಾಚಿಕೊಳ್ಳುವ ಉಕ್ಕಿನ ಚೌಕಟ್ಟು ಅದು. ಅದರ ತೂಕದಷ್ಟೇ ಚಿಂತೆ ಗಾಳಿಯದು, ಬಿರುಗಾಳಿ ಅದನ್ನು ಕೆಳಗಿನಿಂದ ಎತ್ತಿ ಕಿತ್ತೊಗೆಯಲು ನೋಡುತ್ತದೆ. ಅದನ್ನು ಹಿಡಿದಿಡುವ ಆಂಕರ್ ಬೋಲ್ಟುಗಳು ಕಾಂಕ್ರೀಟ್ ಹಾಕುವಾಗಲೇ ಒಳಗೆ ಕೂರಬೇಕು, ಪಾಯದ ಲೆಕ್ಕದಲ್ಲೇ ಆ ಬಲ ಸೇರಿರಬೇಕು. ಔಟ್‌ಫೀಲ್ಡಿನ ಹುಲ್ಲು ಬೆಳೆದು ಪಿಚ್ ಸಿದ್ಧವಾದ ಮೇಲೆ ಭಾರಿ ಕ್ರೇನನ್ನು ಮೈದಾನದೊಳಗೆ ತರುವುದು ಬಲು ಕಷ್ಟ. ಅಗ್ನಿಶಾಮಕ ವ್ಯವಸ್ಥೆಯೂ ಹೀಗೆಯೇ: ನೀರಿನ ತೊಟ್ಟಿ, ಪಂಪ್ ಕೋಣೆ, ಗೋಡೆಯಲ್ಲಿ ಪೈಪಿನ ದಾರಿ ಮೊದಲೇ ಗುರುತಾಗಬೇಕು. ಯಾವ ಕೆಲಸ ತಡವಾದರೆ ಇಡೀ ಯೋಜನೆಯೇ ತಡವಾಗುತ್ತದೆ ಎಂಬ ಸರಪಳಿಯನ್ನು ಗುರುತಿಸಿ ಕಾಯುವುದೇ ಯೋಜನಾ ವ್ಯವಸ್ಥಾಪಕನ ಮುಖ್ಯ ಕೆಲಸ. ಬಾರ್ ಚಾರ್ಟ್ ಬರೆದು ಗೋಡೆಗೆ ಅಂಟಿಸುವುದು ಅದರಲ್ಲಿ ತೀರ ಸುಲಭದ ಭಾಗ.

ಆ ಸರಪಳಿ ಕಡಿದರೆ ಏನಾಗುತ್ತದೆ ಎಂಬುದು 2023ರ ನವೆಂಬರ್‌ನಲ್ಲಿ ದೇಶಕ್ಕೆಲ್ಲ ಗೊತ್ತಾಯಿತು. ಉಪ್ಪಲ್ ಕ್ರೀಡಾಂಗಣಕ್ಕೆ ಡೀಸೆಲ್ ಜನರೇಟರ್, ಅಗ್ನಿಶಾಮಕ ವ್ಯವಸ್ಥೆ ಮತ್ತು ಚಾವಣಿ ಕೊಳ್ಳುವಲ್ಲಿ ಸುಮಾರು 20 ಕೋಟಿ ರೂಪಾಯಿ ದುರುಪಯೋಗವಾಗಿದೆ ಎಂದು ಭ್ರಷ್ಟಾಚಾರ ನಿಗ್ರಹ ದಳ ಹಿಂದೆಯೇ ಪ್ರಕರಣ ದಾಖಲಿಸಿತ್ತು. ಅದರ ಬೆನ್ನು ಹಿಡಿದು ಜಾರಿ ನಿರ್ದೇಶನಾಲಯ ಶೋಧ ನಡೆಸಿತು. ಗಡುವುಗಳಿದ್ದರೂ ಹಲವು ಕಾಮಗಾರಿಗಳು ವಿಪರೀತ ತಡವಾಗಿ ವೆಚ್ಚ ಏರಿತು ಎಂದೂ ಅದು ಹೇಳಿತು. ಯಾರು ತಪ್ಪಿತಸ್ಥರು ಎಂದು ಹೇಳಬೇಕಾದದ್ದು ನ್ಯಾಯಾಲಯ. ವಿಮರ್ಶಕನಾಗಿ ನಾನು ಗಮನಿಸುವುದು ಆ ಮೂರು ವಸ್ತುಗಳನ್ನು: ಕರೆಂಟು, ಬೆಂಕಿಯಿಂದ ರಕ್ಷಣೆ, ನೆರಳು. ಮೂರೂ ಪ್ರೇಕ್ಷಕನಿಗೆ ಸಂಬಂಧಪಟ್ಟವು. ಟಿವಿಯ ಕ್ಯಾಮೆರಾಕ್ಕೆ ಅವು ಕಾಣುವುದಿಲ್ಲ, ಪಂದ್ಯ ಅವಿಲ್ಲದೆಯೂ ಹೇಗೋ ಸಾಗುತ್ತದೆ. ಮುಂದೂಡಬಹುದಾದ ಕೆಲಸಗಳ ಪಟ್ಟಿಗೆ ಮೊದಲು ಸೇರುವುದು ಇಂಥವೇ. 2024ರ ಏಪ್ರಿಲ್ 4ರಂದು, ಮರುದಿನ ಸನ್‌ರೈಸರ್ಸ್ ಮತ್ತು ಚೆನ್ನೈ ನಡುವೆ ಐಪಿಎಲ್ ಪಂದ್ಯವಿರುವಾಗ, ಬಾಕಿ ಬಿಲ್ಲಿನ ಕಾರಣಕ್ಕೆ ವಿದ್ಯುತ್ ಕಂಪನಿ ಅಲ್ಲಿನ ಸಂಪರ್ಕವನ್ನೇ ಕಡಿಯಿತು. ಕ್ರಿಕೆಟ್ ಸಂಸ್ಥೆಯ ಆಡಳಿತ ಎಷ್ಟು ಹದಗೆಟ್ಟಿತ್ತೆಂದರೆ, 2023ರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಎಲ್. ನಾಗೇಶ್ವರ ರಾವ್ ಅವರನ್ನು ಅದರ ಉಸ್ತುವಾರಿಗೆ ನೇಮಿಸಬೇಕಾಯಿತು.

ಇಲ್ಲಿ ಯೋಜನಾ ನಿರ್ವಹಣೆಯ ಮಿತಿಯೂ ಕಾಣುತ್ತದೆ. ಹೊರಗಿನ ಸಲಹಾ ಸಂಸ್ಥೆ ಎಷ್ಟು ನಿಪುಣವಾಗಿದ್ದರೂ, ಕಟ್ಟಿಸುವವನೇ ಒಡೆದ ಮನೆಯಾಗಿದ್ದರೆ ಅದರ ವರದಿ ಮೇಜಿನ ಮೇಲೇ ಉಳಿಯುತ್ತದೆ. ನಮ್ಮ ದೇಶದಲ್ಲಿ ಇಂಥ ಸಂಸ್ಥೆಗೆ ಸಾಮಾನ್ಯವಾಗಿ ಕಾಮಗಾರಿ ವೆಚ್ಚದ ಇಷ್ಟು ಶೇಕಡಾ ಎಂದು ಶುಲ್ಕ ನಿಗದಿಯಾಗುತ್ತದೆ. ವೆಚ್ಚ ಏರಿದರೆ ಶುಲ್ಕವೂ ಏರುವ ಈ ಪದ್ಧತಿ ನನಗೆ ತೀರ ತಪ್ಪಾಗಿ ಕಾಣುತ್ತದೆ. ಅಳತೆ ಪುಸ್ತಕ ನೋಡಿ ಗುತ್ತಿಗೆದಾರನ ರನ್ನಿಂಗ್ ಬಿಲ್ಲನ್ನು ಪರಿಶೀಲಿಸುವುದು ಈ ಸಂಸ್ಥೆಯವರೇ, ಟೆಂಡರಿನಲ್ಲಿಲ್ಲದ ಎಕ್ಸ್‌ಟ್ರಾ ಐಟಂ ಬೇಕೋ ಬೇಡವೋ ಎಂದು ಅಭಿಪ್ರಾಯ ಕೊಡುವುದೂ ಅವರೇ. ಇನ್ನು ಅವರ ಹೊಣೆ ಉದ್ಘಾಟನೆಯ ಹೊತ್ತಿಗೆ ಬಹುಪಾಲು ಮುಗಿದಿರುತ್ತದೆ.

ಕ್ರೀಡಾಂಗಣದ ನಿಜವಾದ ಪರೀಕ್ಷೆ ಶುರುವಾಗುವುದೇ ಆಗ. ಬ್ರಿಟನ್ನಿನಲ್ಲಿ 1971ರ ಐಬ್ರಾಕ್ಸ್ ಫುಟ್‌ಬಾಲ್ ಕ್ರೀಡಾಂಗಣದ ಕಾಲ್ತುಳಿತ ದುರಂತದ ನಂತರ, 1973ರಲ್ಲಿ ಕ್ರೀಡಾಂಗಣ ಸುರಕ್ಷತೆಯ ಕೈಪಿಡಿಯೊಂದು ಬಂತು. ಇಂದು ಅದು ಹೇಳುವ ಪ್ರಕಾರ ಪಂದ್ಯ ಮುಗಿದ ಮೇಲೆ ಜನ ಎಂಟು ನಿಮಿಷದೊಳಗೆ ಗ್ಯಾಲರಿಯಿಂದ ಹೊರಬೀಳುವಂತಿರಬೇಕು. ಮೆಟ್ಟಿಲಿನ ಅಗಲ, ಗೇಟಿನ ಸಂಖ್ಯೆ, ಹೊರಗಿನ ರಸ್ತೆ ಎಲ್ಲವೂ ಆ ಒಂದು ಲೆಕ್ಕದಿಂದ ಹುಟ್ಟುತ್ತವೆ. ನಮ್ಮಲ್ಲಿ ಗೇಟಿನ ಹೊರಗಿನದು ಪೊಲೀಸರ ಕೆಲಸ ಎಂದುಕೊಳ್ಳುತ್ತೇವೆ. 2022ರ ಸೆಪ್ಟೆಂಬರ್‌ನಲ್ಲಿ ಉಪ್ಪಲ್ ಪಂದ್ಯದ ಟಿಕೆಟ್ಟಿಗಾಗಿ ಸಿಕಂದರಾಬಾದಿನ ಜಿಮ್‌ಖಾನಾ ಮೈದಾನದಲ್ಲಿ ನೂಕುನುಗ್ಗಲಾಗಿ ಜನ ಗಾಯಗೊಂಡರು. 2025ರ ಜೂನ್ 4ರಂದು ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಗೇಟುಗಳ ಬಳಿ ಕಾಲ್ತುಳಿತಕ್ಕೆ ಸಿಕ್ಕಿ 11 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಎಳೆಯ ವಯಸ್ಸಿನವರು. ಆ ಸಾವುಗಳನ್ನು ಬರೀ ಬಂದೋಬಸ್ತಿನ ವೈಫಲ್ಯ ಎಂದು ಬದಿಗೆ ಸರಿಸಲು ನನ್ನ ಮನಸ್ಸು ಒಪ್ಪುವುದಿಲ್ಲ.

ಸೂರ್ಯನಗರದ ಕ್ರೀಡಾಂಗಣ ಕಟ್ಟುವ ಹೊಣೆ ಕರ್ನಾಟಕ ಗೃಹ ಮಂಡಳಿಯದು. ಬಡಾವಣೆ, ಮನೆ ಕಟ್ಟಿ ಪಳಗಿದ ಸಂಸ್ಥೆ ಅದು, 80,000 ಜನರ ಗ್ಯಾಲರಿ ಬೇರೆಯೇ ವಿದ್ಯೆ. ಆದ್ದರಿಂದ ಯೋಜನಾ ನಿರ್ವಹಣೆಗೆ ಬರುವವರ ಮೇಲೆ ಅಲ್ಲಿ ಹೆಚ್ಚು ಭಾರ ಬೀಳುತ್ತದೆ. ಅವರ ಶುಲ್ಕ ಶೇಕಡಾವಾರು ಆಗದೆ ನಿಗದಿತ ಮೊತ್ತವಾಗಬೇಕು. ಚಾವಣಿ, ಬೆಂಕಿಯ ವ್ಯವಸ್ಥೆ, ನಿರ್ಗಮನ ದಾರಿ ಮುಗಿಯದೆ ಪಂದ್ಯಕ್ಕೆ ಅನುಮತಿ ಇಲ್ಲ ಎಂದು ಹೇಳುವ ಅಧಿಕಾರ ಅವರಿಗಿರಬೇಕು. ಎರಡು ಮಳೆಗಾಲ ಮತ್ತು ಆಸನ ತುಂಬಿದ ಒಂದು ಪಂದ್ಯ ಕಳೆಯುವವರೆಗೆ ಅವರ ಕೊನೆಯ ಕಂತನ್ನು ಕೊಡಬಾರದು. ಈ ಷರತ್ತುಗಳು ಟೆಂಡರ್ ದಾಖಲೆಯಲ್ಲೇ ಇರಬೇಕು, ಕೆಲಸ ಶುರುವಾದ ಮೇಲೆ ಇವನ್ನು ಸೇರಿಸಲು ಯಾವ ಸಲಹಾ ಸಂಸ್ಥೆಯೂ ಒಪ್ಪುವುದಿಲ್ಲ.